ಹಿಂದಕ್ಕೆ ಬಂದು ಬರೆಯಬೇಕು

ಪ್ರೋಗ್ರಾಮಿಂಗಿನ ಮೊದಲ ಪಾಠ ನನಗೆ ಹೇಳಿಕೊಟ್ಟವಳು ನಮ್ಮಜ್ಜಿ ಎಂದರೆ ಜನ ನಗುತ್ತಾರೆ. ನಗಲಿ, ಅವರ ಹಲ್ಲು, ಅವರ ಬಾಯಿ. ನಾನಂತೂ ಹೇಳಿಯೇ ತೀರುವವಳು.

ಎಪ್ಪತ್ತರ ದಶಕ. ಸಿದ್ದಾಪುರದ ವಠಾರದಲ್ಲಿ ನಮ್ಮ ಮನೆ. ಅಮ್ಮ ನಾವು ಚಿಕ್ಕವರಿದ್ದಾಗಲೇ ಹೋಗಿಬಿಟ್ಟಿದ್ದಳು. ಅಪ್ಪ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ರಾತ್ರಿಯೇ. ನನ್ನನ್ನೂ ಅಕ್ಕನನ್ನೂ ಸಾಕಿದ್ದು ಅಜ್ಜಿ. ಮಧ್ಯಾಹ್ನ ಅಡುಗೆಮನೆ ತೊಳೆದಾದ ಮೇಲೆ ಅವಳು ಗೋಡೆಗೆ ಒರಗಿ ಕೂತು ಪುರಾಣದ ಪುಸ್ತಕ ತೆರೆಯುತ್ತಿದ್ದಳು. ಕಣ್ಣು ಆಗಲೇ ಮಂಜು. ಸಾಲು ತಪ್ಪಬಾರದೆಂದು ತೆಂಗಿನ ಗರಿಯ ಒಂದು ಕಡ್ಡಿಯನ್ನು ಸಾಲಿನ ಕೆಳಗೆ ಇಟ್ಟುಕೊಂಡು, ಓದಿದಷ್ಟೂ ಕಡ್ಡಿ ಸರಿಸುತ್ತಾ ಹೋಗುವಳು. ಕಡ್ಡಿ ಎಲ್ಲಿದೆಯೋ ಅಲ್ಲಿಂದ ಓದುವುದು, ಅಷ್ಟೇ ಅವಳ ಕಾನೂನು. ವಠಾರದ ಬೆಕ್ಕು ಬಂದು ಪುಟದ ಮೇಲೆ ಹೊರಳಾಡಿ ಕಡ್ಡಿ ಜರುಗಿಸಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಹೊಸ ಜಾಗದಿಂದಲೇ ಶುರು. ರಾಕ್ಷಸ ಯುದ್ಧಕ್ಕೆ ಬರುವ ಮೊದಲೇ ಅವನ ಹೆಂಡತಿ ಗೋಳಾಡುತ್ತಿದ್ದಳು. ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ಪುರಾಣ ಮುಗಿದ ಮೇಲೆ ಅಕ್ಕನ ತಲೆಗೆ ಎಣ್ಣೆ. ಅಕ್ಕನ ನೆತ್ತಿಯಲ್ಲಿ ಎರಡು ಸುಳಿ. ಎರಡು ಸುಳಿಯಿದ್ದವರಿಗೆ ಎರಡು ಮದುವೆ ಎಂದು ವಠಾರದ ಹೆಂಗಸರು ಕೊಳಾಯಿಯ ಹತ್ತಿರ ಆಡಿಕೊಳ್ಳುವರು. ಅಜ್ಜಿ ಕೇಳಿಸಿಕೊಂಡರೆ ಮುಗಿಯಿತು. "ಎರಡು ಸುಳಿ ಇದ್ರೆ ಎಣ್ಣೆ ಜಾಸ್ತಿ ಕುಡಿಯತ್ತೆ, ಅಷ್ಟೇ ಕಣ್ರೇ. ನಿಮ್ಮ ಕೆಲಸ ನೋಡ್ಕೊಳ್ಳಿ!" ಎಂದು ಅಲ್ಲಿಂದಲೇ ಕೂಗುತ್ತಾ, ಬೆರಳಿನಿಂದ ಆ ಎರಡು ಸುಳಿಗಳನ್ನೂ ಒಂದಾದ ಮೇಲೊಂದು ತಿಕ್ಕುತ್ತಿದ್ದಳು. ನನ್ನ ಬಾಯಿ ಜೋರು ಎನ್ನುತ್ತಾರಲ್ಲ, ಅದು ಎಲ್ಲಿಂದ ಬಂತು ಎಂದು ಬೇರೆ ಹೇಳಬೇಕಾಗಿಲ್ಲ.

ಎಂಬತ್ತರ ದಶಕದ ಮಧ್ಯದಲ್ಲಿ ನನಗೆ ಜೆ.ಪಿ. ನಗರದ ಒಂದು ಪುಟ್ಟ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಕಲ್ಯಾಣ ಮಂಟಪವೊಂದರ ಮೇಲಿನ ಮಹಡಿಯಲ್ಲಿ ಆಫೀಸು. ಯುನಿಕ್ಸ್ ಓಡುವ ಒಂದು ಕಂಪ್ಯೂಟರು, ಅದಕ್ಕೆ ಪರದೆಯ ಮೇಲೆ ಹಸಿರು ಅಕ್ಷರ ಮೂಡುವ ನಾಲ್ಕಾರು ಟರ್ಮಿನಲ್ಲು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಗರ್ಭಗುಡಿಯ ಹಾಗೆ. ಕೆಳಗೆ ಮದುವೆಯಿದ್ದ ದಿನ ಗಟ್ಟಿಮೇಳಕ್ಕೆ ನಮ್ಮ ಮೇಜು ನಡುಗುತ್ತಿತ್ತು, ಹುಳಿಯ ಒಗ್ಗರಣೆ ಕಿಟಕಿಯಿಂದ ನುಗ್ಗುತ್ತಿತ್ತು. ಆ ವಾಸನೆಗೆ ಹೊಟ್ಟೆ ಚುರುಗುಟ್ಟದೆ ಯಾವ ಪ್ರೋಗ್ರಾಮನ್ನೂ ಬರೆದ ನೆನಪಿಲ್ಲ.

ನನ್ನ ಪಕ್ಕದ ಕುರ್ಚಿಯವನು ಬೇಗೂರಿನ ಹುಡುಗ, ನನ್ನ ಓರಗೆಯವನೇ. ಲೂನಾದಲ್ಲಿ ಕೆಮ್ಮಣ್ಣು ಹಾರಿಸಿಕೊಂಡು ಬರುತ್ತಿದ್ದ. ಕೆಲಸದಲ್ಲಿ ಸಖತ್ ಚುರುಕು, ಆದರೆ ಅವಸರದ ಪಿಂಡ. ಫೈಲಿನೊಳಗೆ ಓಡಾಡುವ ಕೋಡನ್ನೆಲ್ಲ ಅವನೇ ಬರೆಯುತ್ತಿದ್ದದ್ದು. ನಾನು ಸೇರಿದ ಹೊಸದರಲ್ಲಿ ಎಲ್‌ಸೀಕ್ ಎಂಬ ಸಿಸ್ಟಂ ಕಾಲ್, ಅಂದರೆ ಕಂಪ್ಯೂಟರಿಗೆ ಕೊಡುವ ಒಂದು ಆಜ್ಞೆಯ ಬಗ್ಗೆ ವಿವರಿಸಲು ಶುರುಮಾಡಿದ. "ನೋಡ್ರೀ, ಫೈಲ್ ತೆಗೆದಾಗ ನಾವು ಮೊದಲನೇ ಅಕ್ಷರದ ಹತ್ರ ಇರ್ತೀವಿ. ಓದಿದಷ್ಟೂ ಮುಂದೆ ಹೋಗ್ತೀವಿ, ಬರೆದ್ರೂ ಮುಂದೆ ಹೋಗ್ತೀವಿ. ಬೇರೆ ಕಡೆ ಹೋಗ್ಬೇಕು ಅಂದ್ರೆ ಎಲ್‌ಸೀಕ್‌ಗೆ ಹೇಳ್ಬೇಕು. ಎಷ್ಟು ದೂರ, ಎಲ್ಲಿಂದ. ಸೊನ್ನೆ ಅಂದ್ರೆ ಫೈಲಿನ ಶುರುವಿನಿಂದ, ಒಂದು ಅಂದ್ರೆ ಈಗ ನಿಂತಿರೋ ಕಡೆಯಿಂದ, ಎರಡು ಅಂದ್ರೆ ಕೊನೆಯಿಂದ."

"ಅಯ್ಯೋ, ಇದು ನಮ್ಮಜ್ಜಿ ಕಡ್ಡಿ!" ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಬೆಕ್ಕಿನ ಕಥೆಯನ್ನೂ ಸೇರಿಸಿ ಹೇಳಿದ ಮೇಲೆ ನಗಾಡಿದ. ಅವತ್ತಿನಿಂದ ಆಫೀಸಿನಲ್ಲಿ ಅದಕ್ಕೆ ಕಡ್ಡಿ ಎಂದೇ ಹೆಸರಾಯಿತು. "ಕಡ್ಡಿ ಎಲ್ಲಿದೆ?" "ಕಡ್ಡಿ ವಾಪಸ್ ತಂದ್ಯಾ?" ಹೊರಗಿನವರು ಕೇಳಿದ್ದರೆ ಇದ್ಯಾವುದೋ ಬೀಡಿ ಅಂಗಡಿ ಎಂದುಕೊಳ್ಳುತ್ತಿದ್ದರು. ಆ ಕಡ್ಡಿ ಮಹಾ ಮೊಂಡು. ಇದು ಸರಿಯಾದ ಜಾಗವೇ ಎಂದು ಕೇಳುವುದಿಲ್ಲ, ಎಚ್ಚರಿಸುವುದಿಲ್ಲ. ಅದು ನಿಂತಿರುವಲ್ಲಿ ಬರೆದರೆ ಬರೆಯಿತು, ಅಲ್ಲಿ ಮೊದಲು ಇದ್ದದ್ದು ಹೋಯಿತು.

ಮಂಟಪದ ಓನರು ಆ ಊರಿನ ಹಳೆಯ ರೈತ. ರಾಗಿ ಬೆಳೆಯುತ್ತಿದ್ದ ಹೊಲ ಲೇಔಟಾದ ಮೇಲೆ ಉಳಿದ ಜಾಗದಲ್ಲಿ ಈ ಮಂಟಪ ಕಟ್ಟಿಸಿದ್ದರು. ಬುಕಿಂಗ್ ಎಂದರೆ ಗೋಡೆಯ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನ ಗುರುತು. ಒಂದು ದಿನ ಮೇಲೆ ಬಂದು, ಟರ್ಮಿನಲ್ಲಿಗೆ ಕೈಮುಗಿದು, "ಅಷ್ಟು ದೊಡ್ಡ ಮಿಷಿನ್ ಇಟ್ಕಂಡಿದೀರ. ನಮ್ ಬುಕಿಂಗೂ ಒಸಿ ಅದ್ರಾಗೆ ಹಾಕ್ಕೊಡಿ ಮೇಡಂ" ಎಂದರು. ಇಲ್ಲ ಎನ್ನಲಾದೀತೇ? ಕಿಟಕಿಯಿಂದ ಕೇಬಲ್ ಇಳಿಬಿಟ್ಟು ಕೆಳಗಿನ ಮ್ಯಾನೇಜರ್ ಮೇಜಿಗೆ ಒಂದು ಟರ್ಮಿನಲ್ ಕೊಟ್ಟೆವು. ಪ್ರೋಗ್ರಾಮ್ ಬೇಗೂರಿನವನದು. ಆಯುಧಪೂಜೆಗೆ ಓನರು ಅದಕ್ಕೆ ಬೂದುಗುಂಬಳ ಒಡೆಸಿ, ಪರದೆಗೆ ಕುಂಕುಮ ಹಚ್ಚಿ, ಗೋಡೆಯ ಕ್ಯಾಲೆಂಡರನ್ನು ಕಿತ್ತು ಒಲೆಗೆ ಹಾಕಿದರು.

ಅಷ್ಟು ಹೊತ್ತಿಗೆ ಅಕ್ಕನಿಗೆ ಮೂವತ್ತು ಸಮೀಪಿಸಿತ್ತು. ಪ್ರೈಮರಿ ಸ್ಕೂಲ್ ಟೀಚರು, ಮೆತ್ತಗಿನ ಮಾತು. ಒಮ್ಮೆ ನಿಶ್ಚಯವಾಗಿದ್ದ ಸಂಬಂಧ ಮುರಿದುಬಿದ್ದಿತ್ತು. ಸುಳಿಯ ಸುದ್ದಿಯನ್ನು ಯಾರೋ ಪುಣ್ಯಾತ್ಗಿತ್ತಿ ಹುಡುಗನ ಮನೆಗೆ ಮುಟ್ಟಿಸಿದ್ದಳು. ಅಂದಿನಿಂದ ಅಕ್ಕ ತಲೆಯ ಮೇಲೆ ಸೆರಗಿಲ್ಲದೆ ಕೊಳಾಯಿಗೆ ಹೋಗುತ್ತಿರಲಿಲ್ಲ. ಅಜ್ಜಿಗೆ ಈಗ ಕಣ್ಣು ಪೂರ್ತಿ ಹೋಗಿತ್ತು. ಬೆಳಕು, ನೆರಳು ಎರಡೇ ತಿಳಿಯುತ್ತಿದ್ದದ್ದು. ಎದೆಯಲ್ಲಿ ಸದಾ ಗೊರಗೊರ. ಆದರೂ ಡಾಕ್ಟರ ಮುಂದೆಯೇ ಹೇಳುವಳು, "ಇವಳ ಧಾರೆ ಹೊತ್ತಲ್ಲಿ ತಲೆ ಮೇಲೆ ಕೈಯಿಟ್ಟು ಅಕ್ಷತೆ ಹಾಕ್ಬೇಕು. ಅಲ್ಲೀವರೆಗೂ ನಾನು ಹೋಗಲ್ಲ. ಆಮೇಲೆ ನೀವು ಮಾತ್ರೆ ಕೊಟ್ರೂ ಇರಲ್ಲ." ತಮಾಷೆಯಲ್ಲ, ಅದೊಂದೇ ಆಸೆಗೆ ಅವಳು ಉಸಿರು ಹಿಡಿದಿದ್ದಳು. ನಮಗೆಲ್ಲ ಅದು ಗೊತ್ತಿತ್ತು.

ಕಡೆಗೂ ಬನಶಂಕರಿಯ ಒಂದು ಸಂಬಂಧ ಕೂಡಿಬಂತು. ಹುಡುಗ ಒಳ್ಳೆಯವನು. ಅವನ ತಾಯಿ ಮಾತ್ರ ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. ನಮ್ಮ ಆಫೀಸಿನ ಕೆಳಗಿನ ಮಂಟಪವೇ ಆಗಬೇಕೆಂದರು. ಅಪ್ಪ ಹೋಗಿ ಬುಕ್ ಮಾಡಿ ಬಂದರು. ಹತ್ತೂವರೆಯ ಮುಹೂರ್ತ. ಅಜ್ಜಿ ದಿನವೂ ಬಾಯಿಪಾಠ ಮಾಡುತ್ತಿದ್ದಳು, "ಹತ್ತೂವರೆ, ಹತ್ತೂವರೆ."

ಪತ್ರಿಕೆ ಹಂಚಿ ಮುಗಿಯುತ್ತಾ ಬಂದಿತ್ತು. ಅಪ್ಪ ಪಾತ್ರೆಗಳ ವಿಚಾರ ಮಾತಾಡಲು ಮಂಟಪಕ್ಕೆ ಬಂದರು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಮ್ಯಾನೇಜರು ನನ್ನನ್ನು ಕೂಗಿದರು. ಇಳಿದು ಹೋದರೆ ಅಪ್ಪ ಕುರ್ಚಿಯಲ್ಲಿ ಬೆವರುತ್ತಾ ಕೂತಿದ್ದಾರೆ. ಪರದೆಯಲ್ಲಿ ಆ ದಿನಕ್ಕೆ ಬೇರೆಯವರ ಮದುವೆ. ತುಮಕೂರು ಕಡೆಯ ಕಲ್ಲಿನ ಕಾಂಟ್ರಾಕ್ಟರೊಬ್ಬರ ಮಗಳದು. ನಮ್ಮದು ಇಲ್ಲವೇ ಇಲ್ಲ!

"ಕಂಪ್ಯೂಟ್ರು ಆ ದಿನ ಖಾಲಿ ಅಂತು, ನಾನು ಕೊಟ್ಟೆ" ಎಂದರು ಓನರು. "ಅದು ಸುಳ್ಳು ಹೇಳ್ತದಾ ಮೇಡಂ?"

ಮೇಲೆ ಓಡಿ ಬೇಗೂರಿನವನನ್ನು ಜೊತೆಗೆ ಕೂರಿಸಿಕೊಂಡು, ಇಬ್ಬರೂ ಆ ಫೈಲನ್ನು ಅಕ್ಷರ ಅಕ್ಷರವಾಗಿ ತೆರೆದು ನೋಡಿದೆವು. ಅಪ್ಪನಿಗಿಂತ ಮೊದಲು ಬುಕ್ ಮಾಡಿದ್ದವರೊಬ್ಬರ ವಿವರ ಫೈಲಿನಲ್ಲಿ ಒಂದರ ಪಕ್ಕ ಒಂದು, ಎರಡು ಸಲ ಇತ್ತು. ಮೊದಲನೆಯದರಲ್ಲಿ ಹಳೆಯ ಅಡುಗೆಯವರು, ಎರಡನೆಯದರಲ್ಲಿ ಹೊಸ ಅಡುಗೆಯವರು. ಆ ಎರಡನೆಯ ಜಾಗ ನಮ್ಮ ಅಕ್ಕನದು.

ಅವನು ತನ್ನ ಕೋಡ್ ನೋಡಿದ. ಒಂದೇ ನಿಮಿಷ. ತಪ್ಪಿನ ಸಾಲಿಗೆ ಬೆರಳಿಟ್ಟ. ಯಾರದಾದರೂ ವಿವರ ತಿದ್ದಬೇಕಾದರೆ ಮೊದಲು ಅದನ್ನು ಓದಬೇಕು. ಓದಿದ ಕೂಡಲೇ ಕಡ್ಡಿ ಮುಂದಿನವರ ಮನೆಬಾಗಿಲಿಗೆ ಹೋಗಿ ನಿಂತಿರುತ್ತದೆ. ಆದ್ದರಿಂದ ಹಿಂದಕ್ಕೆ ತಂದು ಆಮೇಲೆ ಬರೆಯಬೇಕು. ಅವನು ಹಾಗೆಯೇ ಬರೆದಿದ್ದ. ಆದರೆ ನಡುವೆ ಓನರು, "ತಿದ್ದೋ ಮುಂಚೆ ಹಳೇದು ಇನ್ನೊಂದ್ಸಲ ತೋರ್ಸಪ್ಪ, ಮ್ಯಾನೇಜರ್‌ಗೆ ಕಣ್ಣು ಕಮ್ಮಿ" ಎಂದಿದ್ದರಂತೆ. ಇವನು ಅವಸರದಲ್ಲಿ, ಕಡ್ಡಿ ಹಿಂದಕ್ಕೆ ತಂದ ಮೇಲೆ ಇನ್ನೊಂದು ಸಲ ಓದಿಸಿ ತೋರಿಸಿದ್ದ. ಮತ್ತೆ ಹಿಂದಕ್ಕೆ ತರುವುದನ್ನು ಮರೆತಿದ್ದ. ಯಾರೋ ಅಡುಗೆಯವರನ್ನು ಬದಲಾಯಿಸಿದ್ದಕ್ಕೆ ನಮ್ಮಕ್ಕನ ಮದುವೆ ಅಳಿಸಿಹೋಗಿತ್ತು.

ಬಾಯಿಗೆ ಬಂದಂತೆ ಬೈದೆ. ಏನೇನು ಅಂದೆನೋ ಬರೆಯುವುದು ಬೇಡ. "ಟೇಪ್‌ನಲ್ಲಿ ಹಳೇ ಕಾಪಿ ಇದೆ ರೀ, ಫೈಲ್ ವಾಪಸ್ ತರಬಹುದು" ಎಂದ. "ಫೈಲ್ ತರ್ತೀಯ. ದಿನಾನ ಎಲ್ಲಿಂದ ತರ್ತೀಯ?" ಎಂದೆ. ಅವನು ಕಣ್ಣಲ್ಲಿ ನೀರು ತುಂಬಿಕೊಂಡು ನೇರವಾಗಿ ಕೆಳಗೆ ಹೋಗಿ ಅಪ್ಪನ ಕಾಲು ಮುಟ್ಟಿದ. ಅಪ್ಪನಿಗೆ ಅವನ್ಯಾರೆಂದೇ ತಿಳಿಯಲಿಲ್ಲ, ಅಭ್ಯಾಸಬಲದಿಂದ ಆಶೀರ್ವಾದ ಮಾಡಿಬಿಟ್ಟರು.

ಓನರು ಎರಡೂ ಕಡೆಯವರನ್ನು ಕೂರಿಸಿದರು. ಕಾಂಟ್ರಾಕ್ಟರದೂ ಪತ್ರಿಕೆ ಹಂಚಿಯಾಗಿತ್ತು, ಅವರ ಜನ ಬಸ್ಸಿನಲ್ಲಿ ದೂರದಿಂದ ಬರುವವರು. ಪುರೋಹಿತರು ಪಂಚಾಂಗ ನೋಡಿ, ಅವತ್ತು ಬೆಳಿಗ್ಗೆ ಏಳಕ್ಕೂ ಒಂದು ಮುಹೂರ್ತವಿದೆ ಎಂದರು. ಒಂದೇ ಮಂಟಪ, ಎರಡು ಮದುವೆ, ಒಂದಾದ ಮೇಲೊಂದು. ನಾವು ಊರಿನವರು, ಆದ್ದರಿಂದ ಏಳು ಗಂಟೆ ನಮ್ಮ ಪಾಲಿಗೆ. ಇದಕ್ಕೆ ಗಂಡಿನ ತಾಯಿ ಒಪ್ಪಬೇಕಲ್ಲ! ಅಪ್ಪ, "ಈ ಸಂಬಂಧಾನೂ ಹೋಯ್ತು ಕಣೇ" ಎಂದು ತಲೆಮೇಲೆ ಕೈಹೊತ್ತು ಕೂತರು.

ಅಕ್ಕ ಚಪ್ಪಲಿ ಮೆಟ್ಟಿಕೊಂಡು, "ಬಾರೇ, ಬನಶಂಕರಿಗೆ ಹೋಗಿಬರೋಣ" ಎಂದಳು. ಮದುವೆಗೆ ಮುಂಚೆ ಹುಡುಗಿ ಗಂಡಿನ ಮನೆಗೆ! ನಾನೇ ಬೆಚ್ಚಿಬಿದ್ದೆ. ಗೇಟಿನ ಹೊರಗೆ ನಿಂತು, ಒಳಗೆ ಕಾಲಿಡದೆ, ಅಕ್ಕ ನಡೆದದ್ದನ್ನೆಲ್ಲ ಹೇಳಿದಳು. "ಇದು ಯಾರ ಅಪಶಕುನವೂ ಅಲ್ಲ ಅಮ್ಮ. ಒಂದು ಮಿಷಿನ್ನಿನ ಎಡವಟ್ಟು" ಎಂದಳು. ಆಕೆ ಸೊಂಟಕ್ಕೆ ಕೈಕೊಟ್ಟು ಎಲ್ಲ ಕೇಳಿ, "ಏಳು ಗಂಟೆಗೆ ನಮ್ಮ ಹುಡುಗ ಎದ್ದಿರ್ತಾನೋ ಇಲ್ವೋ, ನನಗೆ ಅದೇ ಯೋಚನೆ" ಎಂದವರೇ ಒಳಗೆ ಹೋಗಿ ಒಂದು ಮೊಳ ಮಲ್ಲಿಗೆ ತಂದು ಗೇಟಿನ ಮೇಲಿಂದಲೇ ಅಕ್ಕನಿಗೆ ಮುಡಿಸಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಅತ್ತುಬಿಟ್ಟೆ, ಅಕ್ಕ ನಕ್ಕಳು.

ಹೊಸ ಹೊತ್ತನ್ನು ಎಲ್ಲರಿಗೂ ತಿಳಿಸುವ ಕೆಲಸವನ್ನು ಬೇಗೂರಿನವನೇ ಹೊತ್ತುಕೊಂಡ. ಲೂನಾ ಏರಿ ತಿಲಕ್ ನಗರ, ಜಯನಗರ, ಸಿದ್ದಾಪುರ ಎಲ್ಲ ಸುತ್ತಿ ಮನೆಮನೆಗೂ ಹೇಳಿ ಬಂದ. ನಮ್ಮ ಪೈಕಿ ಒಬ್ಬರನ್ನೂ ಬಿಡಲಿಲ್ಲ. ಹೇಳದೆ ಉಳಿದದ್ದು ಅಜ್ಜಿಗೆ ಮಾತ್ರ. ಅವಳು ನಮ್ಮ ಮನೆಯಲ್ಲೇ ಇದ್ದವಳು, ಹೇಳಬೇಡಿ ಎಂದು ಅಪ್ಪನ ಅಪ್ಪಣೆಯಾಗಿತ್ತು. ಮುಂಜಾವಿನ ಥಂಡಿಯಲ್ಲಿ ಹೊರಟರೆ ಉಸಿರು ಕಟ್ಟೀತು ಎಂದು ಡಾಕ್ಟರು ಹೆದರಿಸಿದ್ದರು. ಹೇಳಿದರೆ ಅವಳು ನಾಲ್ಕು ಗಂಟೆಗೇ ಎದ್ದು ಹೊರಡುವವಳೇ. "ಬಿಸಿಲು ಬಂದ ಮೇಲೆ ಪಕ್ಕದ ಮನೆಯವರು ಕರ್ಕೊಂಡು ಬರ್ಲಿ. ಕಣ್ಣಂತೂ ಕಾಣಲ್ಲ, ಆಮೇಲೆ ಮದುಮಗಳೇ ಹೋಗಿ ನಮಸ್ಕಾರ ಮಾಡಿದ್ರಾಯ್ತು" ಎಂದರು ಅಪ್ಪ. ನನಗೆ ಮನಸ್ಸು ಒಪ್ಪಲಿಲ್ಲ. ಆದರೆ ಅವಳ ಎದೆಯ ಗೊರಗೊರ ಕೇಳಿ ನಾನೂ ಬಾಯಿ ಮುಚ್ಚಿಕೊಂಡೆ. ಅಕ್ಕನಿಗೆ ಅಜ್ಜಿ ಹಿಂದಿನ ಕಾರಿನಲ್ಲಿ ಬರುತ್ತಾಳೆ ಎಂದೇ ಹೇಳಿದ್ದೆವು.

ಏಳು ಗಂಟೆಗೆ ಧಾರೆಯಾಯಿತು. ಗಂಡೂ ಎದ್ದಿದ್ದ, ಪುಣ್ಯ. ಗಟ್ಟಿಮೇಳ ಮೊಳಗಿದಾಗಲೂ ಅಕ್ಕ ತಲೆಯೆತ್ತಿ ಬಾಗಿಲ ಕಡೆ ನೋಡುತ್ತಿದ್ದಳು. "ಅಜ್ಜಿ ಎಲ್ಲೇ?" ಎಂದು ನನ್ನ ಕಿವಿಯಲ್ಲಿ ಎರಡು ಸಲ ಕೇಳಿದಳು. ನಾನು ಅಕ್ಷತೆ ಎರಚುವ ನೆಪದಲ್ಲಿ ಮುಖ ತಿರುಗಿಸಿದೆ. ಒಂಬತ್ತಕ್ಕೆಲ್ಲ ವೇದಿಕೆ ಬಿಟ್ಟುಕೊಟ್ಟೆವು. ನಮ್ಮ ಹೂವಿನ ಮೇಲೆಯೇ ಅವರು ತಮ್ಮ ಹೂವನ್ನೂ ಕಟ್ಟಿದರು. ಅಕ್ಕ ಸೀರೆ ಬದಲಾಯಿಸಿ ಊಟದ ಮನೆಯ ಹತ್ತಿರ ನೆಂಟರ ನಡುವೆ ನಿಂತಳು.

ಹತ್ತೂವರೆ ಸಮೀಪಿಸಿತು. ಕಾಂಟ್ರಾಕ್ಟರ ಮಗಳ ಧಾರೆ ಶುರುವಾಯಿತು. ಅಷ್ಟರಲ್ಲಿ ಬಾಗಿಲಲ್ಲಿ ಆಟೋ ನಿಂತಿತು. ಪಕ್ಕದ ಮನೆಯ ಆಂಟಿ ಆಟೋದವನ ಜೊತೆ ಚಿಲ್ಲರೆ ಜಗಳಕ್ಕೆ ನಿಂತರು. ಅಜ್ಜಿ ಅವರ ಕೈ ಬಿಡಿಸಿಕೊಂಡು, ವಾದ್ಯದ ಸದ್ದನ್ನೇ ಹಿಡಿದು, ಕೋಲೂರಿಕೊಂಡು ಮುಂದೆ ನಡೆದೇಬಿಟ್ಟಳು. ಗಂಡಿನ ಕಡೆಯವರು ಇವಳು ಹೆಣ್ಣಿನ ಕಡೆಯವಳು ಎಂದುಕೊಂಡರು, ಹೆಣ್ಣಿನ ಕಡೆಯವರು ಗಂಡಿನ ಕಡೆಯವಳು ಎಂದುಕೊಂಡರು. ಎಲ್ಲರೂ ಮರ್ಯಾದೆಯಿಂದ ದಾರಿ ಬಿಟ್ಟರು. ಯಾರೋ ಕೈಹಿಡಿದು ಮೆಟ್ಟಿಲು ಹತ್ತಿಸಿಯೂಬಿಟ್ಟರು.

ನಾನು ನೋಡುವಷ್ಟರಲ್ಲಿ ಗಟ್ಟಿಮೇಳ ಮೊಳಗುತ್ತಿತ್ತು. ಅಜ್ಜಿ ಕಾಂಟ್ರಾಕ್ಟರ ಮಗಳ ತಲೆಯ ಮೇಲೆ ಕೈಯಿಟ್ಟು ಅಕ್ಷತೆ ಹಾಕುತ್ತಿದ್ದಳು. ಕಣ್ಣಿಂದ ನೀರು ಧಾರಾಕಾರ. "ನನ್ನ ಕಂದಾ, ನಿನ್ನ ಮದುವೆ ನೋಡ್ದೆ. ಸಾಕು ಕಣೇ. ಸಾಕು." ಹೊತ್ತು ಸರಿಯಾಗಿತ್ತು, ಜಾಗ ಸರಿಯಾಗಿತ್ತು. ನಡುವೆ ನಾವು ಕಡ್ಡಿ ಜರುಗಿಸಿದ್ದು ಅವಳಿಗೆ ಗೊತ್ತಿರಲಿಲ್ಲ. ಅಯ್ಯೋ ದೇವರೇ, ಎಷ್ಟು ವರ್ಷ ಕೂಡಿಟ್ಟ ಆಶೀರ್ವಾದ ಯಾರದೋ ತಲೆಯ ಮೇಲೆ ಬಿದ್ದಿತ್ತು! ನನ್ನ ಪಕ್ಕದಲ್ಲಿ ಬೇಗೂರಿನವನು, ಹೋಳಿಗೆ ಬಡಿಸುವ ತಟ್ಟೆ ಹಿಡಿದವನು, ಕಲ್ಲಾಗಿ ನಿಂತಿದ್ದ.

ನಾನು ವೇದಿಕೆಯ ಕಡೆ ಓಡಹೊರಟೆ. ಅಕ್ಕ ನನ್ನ ಕೈ ಹಿಡಿದೆಳೆದಳು. "ಬೇಡ ಕಣೇ. ತಪ್ಪಾಯ್ತು ಅಂತ ಗೊತ್ತಾದ್ರೆ ಅವಳ ಎದೆ ಒಡೆದುಹೋಗತ್ತೆ. ಹಾಗೇ ಇರ್ಲಿ ಬಿಡು" ಎಂದಳು. ಅಂದಳಷ್ಟೇ, ತಾನೇ ಗಳಗಳ ಅತ್ತುಬಿಟ್ಟಳು.

ಆ ಮದುಮಗಳು ನೋಡಿದಳು. ಎರಡೂ ಮನೆಯವರು ಕೂತು ಮಾತಾಡಿದ ದಿನವೇ ಅವಳಿಗೆ ನಮ್ಮ ಕಥೆಯೆಲ್ಲ, ಅಜ್ಜಿಯ ಆಸೆಯೂ ಸೇರಿ, ಗೊತ್ತಾಗಿತ್ತು. ತಲೆಯ ಮೇಲಿದ್ದ ಅಜ್ಜಿಯ ಕೈಯನ್ನು ಬಿಡದೆ ತನ್ನ ಎರಡೂ ಕೈಯಿಂದ ಹಿಡಿದುಕೊಂಡು, ಅಕ್ಕನಿಗೆ ಬಾ ಎಂದು ಕಣ್ಣಿನಲ್ಲೇ ಕರೆದಳು. ಪುರೋಹಿತರು ಮಂತ್ರ ನಿಲ್ಲಿಸಿ ಏನೋ ಹೇಳಹೊರಟರು, ಅವಳು ಅವರ ಕಡೆ ತಿರುಗಿಯೂ ನೋಡಲಿಲ್ಲ. ಅಕ್ಕ ಮೆಟ್ಟಿಲು ಹತ್ತಿ, ಅವಳ ಪಕ್ಕ ಮಂಡಿಯೂರಿ, ತಲೆ ತಗ್ಗಿಸಿದಳು. ಆ ಹುಡುಗಿ ಅಜ್ಜಿಯ ಕೈಯನ್ನು ತನ್ನ ತಲೆಯಿಂದ ಮೆಲ್ಲಗೆ ಎತ್ತಿ ಅಕ್ಕನ ನೆತ್ತಿಯ ಮೇಲೆ ಇಟ್ಟಳು.

ಅಜ್ಜಿಯ ಬೆರಳು ಕೂದಲೊಳಗೆ ಆಡಿತು. ಒಂದು ಸುಳಿಯ ಹತ್ತಿರ ನಿಂತಿತು. ಸರಿದು ಇನ್ನೊಂದರ ಹತ್ತಿರ ನಿಂತಿತು. ಅಜ್ಜಿ ಅಳು ನಿಲ್ಲಿಸಿದಳು.

"ಇಲ್ಲಿದೀಯೇನೇ?" ಎಂದಳು. ಮತ್ತೆ ಇನ್ನೊಂದು ಕೈ ಚಾಚಿ ಪಕ್ಕದ ತಲೆಯನ್ನೂ ತಡವಿದಳು. "ಹಾಗಾದ್ರೆ ಇವಳ್ಯಾರು?"

ವಾದ್ಯದವರೂ ನಿಲ್ಲಿಸಿದ್ದರು. ಅಕ್ಕ ಅಳುತ್ತಲೇ, "ಇಲ್ಲಿ ಎರಡು ಮದುವೆ ಅಜ್ಜಿ. ನನ್ನದು ಬೆಳಿಗ್ಗೇನೇ ಆಗ್ಹೋಯ್ತು. ಇದು ಇವಳದು" ಎಂದಳು.

ಅಜ್ಜಿ ಎರಡೂ ಕೈಯನ್ನು ಹಾಗೆಯೇ ಎರಡೂ ತಲೆಯ ಮೇಲೆ ಒತ್ತಿ, ಇಡೀ ಮಂಟಪಕ್ಕೆ ಕೇಳುವಂತೆ, ಆ ಹಳೆಯ ಕೊಳಾಯಿ ಕಟ್ಟೆಯ ದನಿಯಲ್ಲಿ ಹೇಳಿದಳು:

"ಎರಡು ಸುಳಿಗೆ ಎರಡು ಮದುವೆ ಅಂತಿದ್ರಲ್ಲ, ಎರಡೂ ಆಗ್ಹೋಯ್ತು. ಇನ್ನು ಯಾವಳಾದ್ರೂ ಬಾಯಿ ಬಿಡ್ಲಿ ನೋಡೋಣ!"

ಅವತ್ತಿನಿಂದ ಅಕ್ಕ ತಲೆಯ ಮೇಲೆ ಸೆರಗು ಹೊದ್ದದ್ದನ್ನು ನಾನು ನೋಡಲಿಲ್ಲ.